ಓದುಗರ ಪ್ರಶ್ನೆ, ತಜ್ಞರ ಉತ್ತರ: ರೋಗಿಯ ಭಾಷೆ ಬೇರೆ, ನಂಬಿಕೆ ಬೇರೆ ಆದಾಗ

ಬೇರೆ ಭಾಷೆ, ಬೇರೆ ಧರ್ಮ, ಬೇರೆ ಜೀವನಕ್ರಮದ ರೋಗಿಗಳನ್ನು ನೋಡಿಕೊಳ್ಳುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುಪಾಲು ಪತ್ರಗಳು ಆಸ್ಪತ್ರೆಯ ಒಳಗೆ ಕೆಲಸ ಮಾಡುವವರಿಂದಲೇ ಬಂದಿವೆ. ಔಷಧಿಯ ಡೋಸ್ ಬಗ್ಗೆ ಇಲ್ಲಿ ಬರೆದಿರುವುದು ಚಿಕಿತ್ಸೆ ಕೊಡುವವರಿಗೆ. ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ಬದಲಿಸಿಕೊಳ್ಳಬೇಡಿ.

ಯಾವ ಸಮುದಾಯದವರಿಗೆ ಏನು ಆಗಿಬರುವುದಿಲ್ಲ ಎಂಬ ಪಟ್ಟಿ ಮಾಡಿ ವಾರ್ಡಿನಲ್ಲಿ ಹಾಕಬೇಕೆಂದಿದ್ದೇವೆ. ಉಪಯೋಗ ಆದೀತೇ? (ವಾರ್ಡ್ ಸಿಸ್ಟರ್)

ಆದೀತು, ಪಟ್ಟಿಯ ಪ್ರತಿ ಸಾಲನ್ನೂ ಪ್ರಶ್ನೆಯಾಗಿ ತಿರುಗಿಸಿದರೆ. ‘ಇವರು ಮಾಂಸ ತಿನ್ನುವುದಿಲ್ಲ’ ಎಂದು ಬರೆದಿಟ್ಟರೆ ಯಾರೂ ಕೇಳುವ ಗೋಜಿಗೇ ಹೋಗುವುದಿಲ್ಲ. ‘ನೀವು ತಿನ್ನದ ಪದಾರ್ಥ ಯಾವುದಾದರೂ ಇದೆಯೇ?’ ಎಂದು ಬರೆದಿಟ್ಟರೆ ಕೇಳಲೇಬೇಕಾಗುತ್ತದೆ. ಒಂದೇ ಧರ್ಮದ ಇಬ್ಬರಲ್ಲಿ ಒಬ್ಬರು ಕಟ್ಟುನಿಟ್ಟಾಗಿ ಪಾಲಿಸುವವರು, ಇನ್ನೊಬ್ಬರು ಹೆಸರಿಗಷ್ಟೇ ಇರುವವರು. ಪಟ್ಟಿ ಇಬ್ಬರನ್ನೂ ಒಂದೇ ಅಚ್ಚಿಗೆ ಹಾಕುತ್ತದೆ. ಅಮೆರಿಕದ ವೈದ್ಯೆಯರಾದ ಮೆಲನಿ ಟರ್ವಲನ್ ಮತ್ತು ಜಾನ್ ಮರ್ರೆ ಗಾರ್ಸಿಯಾ 1998ರಲ್ಲಿ ಸಾಂಸ್ಕೃತಿಕ ವಿನಯ ಎಂಬ ಕಲ್ಪನೆಯನ್ನು ಮುಂದಿಟ್ಟದ್ದು ಇದೇ ಕಾರಣಕ್ಕೆ: ಇನ್ನೊಬ್ಬರ ಸಂಸ್ಕೃತಿಯನ್ನು ‘ಕಲಿತು ಮುಗಿಸಿದೆ’ ಎನ್ನಲು ಬರುವುದಿಲ್ಲ.

ದಾಖಲಾತಿಯ ಹೊತ್ತಿಗೆ ಕೇಳಿ ಚಾರ್ಟಿನ ಮೊದಲ ಪುಟದಲ್ಲೇ ಬರೆಯಬೇಕಾದವು ಕೆಲವಿವೆ. ಮಾತಿಗೆ ಯಾವ ಭಾಷೆ, ಓದಲು ಯಾವ ಭಾಷೆ (ಎರಡೂ ಒಂದೇ ಆಗಿರಬೇಕಿಲ್ಲ), ದುಭಾಷಿ ಬೇಕೇ, ಕರೆಯುವ ಹೆಸರು ಯಾವುದು, ಆಹಾರ ಮತ್ತು ಉಪವಾಸ, ಪ್ರಾರ್ಥನೆಯ ವೇಳೆ, ಮೈಮೇಲಿಂದ ತೆಗೆಯಬಾರದ ವಸ್ತು, ಪರೀಕ್ಷಿಸುವವರು ಗಂಡಾಗಿರಬೇಕೋ ಹೆಣ್ಣಾಗಿರಬೇಕೋ, ನಿರ್ಧಾರದ ಹೊತ್ತಿಗೆ ಜೊತೆಗೆ ಯಾರಿರಬೇಕು. ಹೆಸರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮನೆತನದ ಹೆಸರು ಮೊದಲು ಬರುವ ಪದ್ಧತಿಯವರ ದಾಖಲೆ ಎರಡು ಬೇರೆ ಹೆಸರುಗಳಲ್ಲಿ ತೆರೆದುಕೊಳ್ಳಬಹುದು. ಹುಟ್ಟಿದ ದಿನ ಗೊತ್ತಿಲ್ಲದ ಅನೇಕರಿಗೆ ಜನವರಿ 1 ಎಂದೇ ನಮೂದಾಗಿರುತ್ತದೆ. ಹೆಸರು ಮತ್ತು ಹುಟ್ಟಿದ ದಿನ, ಇವೆರಡನ್ನೇ ನಂಬಿ ರಕ್ತ ಏರಿಸುವ ವಾರ್ಡಿನಲ್ಲಿ ಇದು ಅಪಾಯ. ದಾಖಲಾತಿ ಸಂಖ್ಯೆಯನ್ನೂ ತಾಳೆ ನೋಡಿ.

ಕಾಯಿಲೆಯ ಬಗ್ಗೆ ಕೇಳುವಾಗ ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1978ರಲ್ಲಿ ಸಹಲೇಖಕರೊಂದಿಗೆ ಕೊಟ್ಟ ಪ್ರಶ್ನೆಗಳಿಗಿಂತ ಉತ್ತಮವಾದವು ನಮಗೆ ಕಂಡಿಲ್ಲ. ಇದಕ್ಕೆ ಏನು ಕಾರಣ ಅನ್ನಿಸುತ್ತದೆ? ಆಗಲೇ ಯಾಕೆ ಶುರುವಾಯಿತು? ಇದರಿಂದ ನಿಮಗೆ ಏನೇನು ತೊಂದರೆಯಾಗಿದೆ? ಯಾವ ಚಿಕಿತ್ಸೆ ಸಿಗಬೇಕು ಅನ್ನಿಸುತ್ತದೆ? ಅತಿ ಹೆಚ್ಚು ಭಯ ಯಾವುದರ ಬಗ್ಗೆ? ಸಮಯವಿಲ್ಲದಿದ್ದರೆ ಕೊನೆಯದೊಂದನ್ನಾದರೂ ಕೇಳಿ. ಮಾತ್ರೆ ಬಿಟ್ಟುಬಿಡುವ ರೋಗಿಯ ನಿಜವಾದ ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ರೋಗಿಯ ಮಗನೋ ಮಗಳೋ ನಮ್ಮ ಭಾಷೆ ಬಲ್ಲವರಾದರೆ ಅವರಿಂದಲೇ ಹೇಳಿಸಿದರೆ ಸಾಲದೇ? ದುಭಾಷಿ ಬರುವಷ್ಟರಲ್ಲಿ ಒಪಿಡಿ ಅರ್ಧ ಮುಗಿದಿರುತ್ತದೆ. (ಕಿರಿಯ ವೈದ್ಯ)

‘ನೋಂದಣಿ ಎಲ್ಲಿ, ಶೌಚಾಲಯ ಎಲ್ಲಿ’ ಎನ್ನುವುದಕ್ಕೆ ಸಾಕು. ಹಿಸ್ಟರಿ (ಕಾಯಿಲೆಯ ಹಿನ್ನೆಲೆ), ಒಪ್ಪಿಗೆ, ಡೋಸ್, ಕೆಟ್ಟ ಸುದ್ದಿ, ಈ ನಾಲ್ಕಕ್ಕೂ ಸಾಲದು. ಮಕ್ಕಳನ್ನಂತೂ ಬಳಸಲೇಬಾರದು. ಮನೆಯವರು ಮುಜುಗರದ್ದನ್ನು ನುಂಗುತ್ತಾರೆ, ಹೆದರಿಸುವಂಥದ್ದನ್ನು ಮೆತ್ತಗೆ ಮಾಡುತ್ತಾರೆ, ಉತ್ತರವನ್ನು ತಾವೇ ಕೊಟ್ಟುಬಿಡುತ್ತಾರೆ. ಮನೆಯೊಳಗಿನ ಹಿಂಸೆ ಬೆಳಕಿಗೆ ಬರಬೇಕಾದ ಜಾಗದಲ್ಲಿ ಹೊಡೆದವನೇ ಅನುವಾದಕನಾಗಿ ಕೂತಿರುವ ಸಾಧ್ಯತೆಯೂ ಉಂಟು.

ದುಭಾಷಿ ಬಂದಾಗ ಭೇಟಿಗೆ ಎಂದಿನ ಎರಡರಷ್ಟು ಸಮಯ ಇಟ್ಟುಕೊಳ್ಳಿ. ರೋಗಿಯನ್ನು ಕರೆಯುವ ಮುಂಚೆ ಎರಡು ನಿಮಿಷ ದುಭಾಷಿಯೊಂದಿಗೆ ಮಾತಾಡಿ, ಇಂದಿನ ಉದ್ದೇಶವೇನು, ಕಷ್ಟದ ವೈದ್ಯಕೀಯ ಪದ ಯಾವುದು ಎಂದು ತಿಳಿಸಿ. ದುಭಾಷಿ ರೋಗಿಯ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಕೂರಲಿ. ನಿಮ್ಮ ಕಣ್ಣು ರೋಗಿಯ ಮೇಲಿರಲಿ. ‘ಅವರಿಗೆ ಎಷ್ಟು ದಿನದಿಂದ ನೋವಂತೆ ಕೇಳಿ’ ಎನ್ನಬೇಡಿ, ‘ನಿಮಗೆ ಎಷ್ಟು ದಿನದಿಂದ ನೋವಿದೆ?’ ಎಂದು ನೇರವಾಗಿ ಕೇಳಿ. ಒಂದೆರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ‘ನೋವಿಲ್ಲ ತಾನೇ?’ ಎಂಬಂಥ ಪ್ರಶ್ನೆ ಬೇಡ, ಅದಕ್ಕೆ ಬರುವ ‘ಹೌದು’ ಯಾವುದಕ್ಕೆ ಎಂದು ಯಾರಿಗೂ ತಿಳಿಯುವುದಿಲ್ಲ. ಅವರಿಬ್ಬರೂ ಎರಡು ನಿಮಿಷ ಮಾತಾಡಿ ನಿಮಗೆ ‘ಇಲ್ಲವಂತೆ’ ಎಂಬ ಒಂದೇ ಉತ್ತರ ಬಂದರೆ, ಅಲ್ಲಿಗೆ ಬಿಡದೆ ಪೂರ್ತಿ ಮಾತನ್ನು ಕೇಳಿ ಪಡೆಯಿರಿ. ಫೋನಿನ ದುಭಾಷಿಯಾದರೆ ಸ್ಪೀಕರ್ ಹಾಕಿ, ಕೋಣೆಯಲ್ಲಿ ಯಾರ‍್ಯಾರಿದ್ದಾರೆ, ನೀವು ಈಗ ಏನನ್ನು ತೋರಿಸುತ್ತಿದ್ದೀರಿ ಎಂದು ಬಾಯಲ್ಲಿ ಹೇಳಬೇಕು. ಆ ತುದಿಯಲ್ಲಿರುವವರಿಗೆ ನಿಮ್ಮ ಕೈಯಲ್ಲಿರುವ ಇನ್‌ಹೇಲರ್ ಕಾಣುವುದಿಲ್ಲ.

ಕೊನೆಗೆ ‘ಅರ್ಥವಾಯಿತೇ?’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಈ ಮಾತ್ರೆಯನ್ನು ಮನೆಯಲ್ಲಿ ಹೇಗೆ ತಗೊಳ್ಳುತ್ತೀರಿ, ಹೇಳಿ’ ಎಂದರೆ ತಪ್ಪಿದ್ದಲ್ಲಿ ತಕ್ಷಣ ಹೊರಬರುತ್ತದೆ.

ಸಣ್ಣ ಸಮುದಾಯದ ರೋಗಿಗೆ ದುಭಾಷಿ ನೆರೆಮನೆಯವರೇ ಆಗಿರಬಹುದು. ಮೊದಲೇ ವಿಚಾರಿಸಿ, ಸಂಕೋಚ ಕಂಡರೆ ರೋಗಿಯ ಹೆಸರು ಹೇಳದೆ ದೂರದ ಫೋನ್ ದುಭಾಷಿಯನ್ನು ಬಳಸಿ. ‘ನನಗೆ ಬೇಡ, ನನ್ನ ಮಗ ಸಾಕು’ ಎಂದು ರೋಗಿ ಹಟ ಹಿಡಿದರೆ, ‘ದುಭಾಷಿ ಬೇಕಿರುವುದು ನನಗೆ, ಮಗ ಜೊತೆಗೇ ಇರಲಿ’ ಎನ್ನಿ. ಈ ಮಾತು ಹೆಚ್ಚಿನವರಿಗೆ ಒಪ್ಪಿಗೆಯಾಗುತ್ತದೆ. ಮೊಬೈಲಿನ ಅನುವಾದವನ್ನು ಮುಂದಿನ ಭೇಟಿಯ ದಿನಾಂಕ ತಿಳಿಸಲು ಬಳಸಿ, ಡೋಸ್ ತಿಳಿಸಲು ಬೇಡ.

ಮಧುಮೇಹವಿರುವ ರೋಗಿಗಳು ರಂಜಾನ್ ಉಪವಾಸ ಮಾಡುತ್ತೇವೆ ಎನ್ನುತ್ತಾರೆ. ಬೇಡ ಎಂದರೂ ಕೇಳುವುದಿಲ್ಲ. ಏನು ಮಾಡಬೇಕು? (ಮಧುಮೇಹ ಕ್ಲಿನಿಕ್‌ನ ಸಲಹೆಗಾರ್ತಿ)

‘ಬೇಡ’ ಎಂಬ ಒಂದೇ ಮಾತಿನಿಂದ ಆಗುವುದು ಇಷ್ಟೇ: ರೋಗಿ ಹೂಂ ಎಂದು ಹೋಗಿ ಉಪವಾಸ ಮಾಡುತ್ತಾರೆ, ನಿಮಗೆ ಹೇಳುವುದಿಲ್ಲ, ಮಾತ್ರೆಯನ್ನು ಒಂದೋ ಬಿಡುತ್ತಾರೆ, ಇಲ್ಲವೇ ದಿನದ್ದೆಲ್ಲವನ್ನೂ ಸಂಜೆಗೇ ನುಂಗುತ್ತಾರೆ. ರಂಜಾನಿಗೆ 6ರಿಂದ 8 ವಾರ ಮುಂಚೆ ಕೂರಿಸಿ ಮಾತಾಡಿದರೆ ಯೋಜನೆ ಮಾಡಲು ಜಾಗ ಇರುತ್ತದೆ.

ಮೊದಲು ಅಪಾಯದ ಅಂದಾಜು. ಕಳೆದ 3 ತಿಂಗಳಲ್ಲಿ ತೀವ್ರ ಲೋ ಶುಗರ್ ಅಥವಾ ಕೀಟೋಆಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಆಗಿದ್ದವರು, ಹತೋಟಿಯಲ್ಲಿಲ್ಲದ ಟೈಪ್ 1, ಇನ್ಸುಲಿನ್ ಮೇಲಿರುವ ಗರ್ಭಿಣಿ, ಮೂತ್ರಪಿಂಡ ಬಹಳ ಕೆಟ್ಟವರು: ಇವರಿಗೆ ಉಪವಾಸ ಬೇಡವೆಂದು ಸ್ಪಷ್ಟವಾಗಿ ಹೇಳಿ. ಕಾಯಿಲೆಯವರಿಗೆ ಕುರಾನಿನಲ್ಲೇ ವಿನಾಯಿತಿಯಿದೆ. ಅದನ್ನು ವೈದ್ಯರು ಬೋಧಿಸುವುದಕ್ಕಿಂತ ರೋಗಿ ನಂಬುವ ಧರ್ಮಗುರುವಿನ ಬಾಯಿಂದ ಬಂದರೆ ತೂಕ ಹೆಚ್ಚು; ಅವರೊಂದಿಗೆ ಮಾತಾಡಲು ಹೇಳಿ ಕಳಿಸಿ.

ಉಳಿದವರಿಗೆ ಮಾತ್ರೆಯ ವೇಳೆ ಬದಲಾಗಬೇಕು. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ ಇದ್ದರೆ ಮಧ್ಯಾಹ್ನದ್ದನ್ನು ಸಂಜೆ ಉಪವಾಸ ಮುರಿಯುವ ಊಟವಾದ ಇಫ್ತಾರ್‌ಗೆ ಸೇರಿಸಿ, ಅಲ್ಲಿ 1000, ಬೆಳಗಾಗುವ ಮುಂಚಿನ ಊಟವಾದ ಸೆಹ್ರಿಗೆ 500. ಇನ್ಸುಲಿನ್ ಸ್ರವಿಸುವಂತೆ ಮಾಡುವ ಸಲ್ಫೋನೈಲ್ಯೂರಿಯಾ ಗುಂಪಿನಲ್ಲಿ ಗ್ಲಿಬೆನ್‌ಕ್ಲಮೈಡ್ ಲೋ ಶುಗರ್ ತರುವುದು ಜಾಸ್ತಿ, ಗ್ಲಿಕ್ಲಜೈಡ್‌ಗೆ ಬದಲಿಸುವುದು ಲೇಸು. ಈ ಗುಂಪಿನ ಮಾತ್ರೆ ಎರಡು ಹೊತ್ತು ಇದ್ದವರಿಗೆ ಸೆಹ್ರಿಯದನ್ನು ಇಳಿಸಿ. ದಿನಕ್ಕೊಮ್ಮೆಯ ದೀರ್ಘಾವಧಿ ಇನ್ಸುಲಿನ್ ಅನ್ನು ಇಫ್ತಾರ್‌ಗೆ ತಂದು ಶೇ 15ರಿಂದ 30 ಕಡಿಮೆ ಮಾಡುವುದು ರೂಢಿ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಗುಂಪಿನ ಮಾತ್ರೆಗಳನ್ನು ರಂಜಾನ್ ಹೊಸ್ತಿಲಲ್ಲಿ ಹೊಸದಾಗಿ ಶುರು ಮಾಡಬೇಡಿ, ನೀರಡಿಕೆಯ ದಿನಗಳಲ್ಲಿ ಮೈ ಒಣಗುತ್ತದೆ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ಕ್ಕಿಂತ ಮೇಲೇರಿದರೆ (ಡೆಸಿಲೀಟರಿಗೆ ಮಿಲಿಗ್ರಾಂ) ಅಂದಿನ ಉಪವಾಸ ಅಲ್ಲಿಗೇ ಮುರಿಯಬೇಕು. ಇಫ್ತಾರ್‌ಗೆ ಹತ್ತೇ ನಿಮಿಷ ಬಾಕಿಯಿದ್ದರೂ ಸರಿ. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುತ್ತದೆಂದು ಹೆದರಿ ಪರೀಕ್ಷೆಯನ್ನೇ ಬಿಡುವವರು ಬಹಳ. ಹಾಗೇನೂ ಇಲ್ಲವೆಂಬುದು ಹೆಚ್ಚಿನ ಧರ್ಮ ವಿದ್ವಾಂಸರ ಅಭಿಪ್ರಾಯ; ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಇನ್ನೊಂದು ಸಂಗತಿ: ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಐದಾರು ವರ್ಷದ ಹಿಂದಿನ ಯೋಜನೆಯನ್ನೇ ನಕಲು ಮಾಡಿದರೆ ಹಗಲಿನ ಉದ್ದವೂ ಸೆಖೆಯೂ ಬೇರೆ ಆಗಿರುತ್ತವೆ.

ಕಪ್ಪು ಮೈಬಣ್ಣದವರಲ್ಲಿ ಪಲ್ಸ್ ಆಕ್ಸಿಮೀಟರ್ ತಪ್ಪು ತೋರಿಸುತ್ತದೆಂದು ಕೇಳಿದೆ. ನಿಜವೇ? (ಐಸಿಯು ನರ್ಸ್)

ನಿಜ. ತಪ್ಪು ಹೆಚ್ಚಾಗಿ ಒಂದೇ ಕಡೆಗೆ, ಅಂದರೆ ಇರುವುದಕ್ಕಿಂತ ಜಾಸ್ತಿ ತೋರಿಸುವ ಕಡೆಗೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಉಪಕರಣ ಆಮ್ಲಜನಕವನ್ನು ಶೇ 92ರಿಂದ 96 ಎಂದು ತೋರಿಸುತ್ತಿದ್ದಾಗ ಅಪಧಮನಿಯ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪು ರೋಗಿಗಳ ಶೇ 11.7 ಅಳತೆಗಳಲ್ಲಿ, ಬಿಳಿಯರ ಶೇ 3.6 ಅಳತೆಗಳಲ್ಲಿ. ಬೆರಳಿನ ಮೂಲಕ ಹಾಯುವ ಬೆಳಕನ್ನು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೀರುತ್ತದೆ, ಉಪಕರಣಗಳನ್ನು ಹೊಂದಿಸಿದ್ದು ಹೆಚ್ಚಾಗಿ ತಿಳಿಬಣ್ಣದವರ ಮೇಲೆ. ಹಾಗಾಗಿ ಅಂಕಿಗಿಂತ ಏರಿಳಿತವನ್ನು ನೋಡಿ. ಉಸಿರಾಟದ ವೇಗ ಒಂದು ಹೇಳಿ ಪರದೆ ಇನ್ನೊಂದು ಹೇಳಿದರೆ ಎಬಿಜಿ (ಅಪಧಮನಿಯ ರಕ್ತದ ಅನಿಲ ಪರೀಕ್ಷೆ) ಕಳಿಸಿ.

ಕಣ್ಣಿನಿಂದ ನೋಡಿ ಗುರುತಿಸುವುದಕ್ಕೂ ಇದೇ ಮಾತು. ನೀಲಿಗಟ್ಟುವಿಕೆಯನ್ನು ತುಟಿಯ ಒಳಬದಿ ಮತ್ತು ನಾಲಿಗೆಯಲ್ಲಿ ನೋಡಿ, ಕಾಮಾಲೆಯನ್ನು ಕಣ್ಣಿನ ಬಿಳಿಭಾಗ ಮತ್ತು ಅಂಗುಳಿನಲ್ಲಿ ನೋಡಿ. ಹಾಸಿಗೆ ಹುಣ್ಣಿನ ಮೊದಲ ಹಂತದ ಕೆಂಪು ಬಣ್ಣವು ಕಪ್ಪು ಚರ್ಮದಲ್ಲಿ ಕಾಣಿಸದೇ ಇರಬಹುದು. ಸೊಂಟದ ಮೂಳೆ, ಹಿಮ್ಮಡಿ ಮುಟ್ಟಿ ಪಕ್ಕದ ಚರ್ಮದೊಂದಿಗೆ ಹೋಲಿಸಿ: ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ನೋವಿದೆಯೋ. ಪಠ್ಯಪುಸ್ತಕದ ಚಿತ್ರಗಳನ್ನೇ ನಂಬಿ ಕಲಿತ ಕೈಗೆ ಇದು ಅಭ್ಯಾಸದಿಂದಲೇ ಬರಬೇಕು.

ಕ್ಯಾನ್ಸರ್ ಎಂದು ಅಪ್ಪನಿಗೆ ಹೇಳಬೇಡಿ ಎಂದು ಇಡೀ ಕುಟುಂಬ ಕೈಮುಗಿಯುತ್ತದೆ. ಆಗ ವೈದ್ಯರ ಕರ್ತವ್ಯವೇನು? (ಸ್ನಾತಕೋತ್ತರ ವಿದ್ಯಾರ್ಥಿನಿ)

ಈ ಪ್ರಶ್ನೆ ಬಯಾಪ್ಸಿ ವರದಿ ಬಂದ ಮೇಲೆ ಹುಟ್ಟಿದರೆ ತಡವಾಯಿತು. ಪರೀಕ್ಷೆಗೆ ಕಳಿಸುವ ದಿನವೇ ರೋಗಿಯನ್ನು ಒಬ್ಬರೇ ಇರುವಾಗ ಕೇಳಬೇಕು: ‘ಫಲಿತಾಂಶ ಬಂದಾಗ ಎಲ್ಲವನ್ನೂ ನೀವೇ ಕೇಳಲು ಬಯಸುತ್ತೀರಾ, ಮುಖ್ಯವಾದದ್ದಷ್ಟೇ ಸಾಕೇ, ಅಥವಾ ಮನೆಯವರೊಬ್ಬರಿಗೆ ಹೇಳಬೇಕೇ? ಯಾರಿಗೆ?’ ಉತ್ತರವನ್ನು ಬರೆದಿಡಿ. ‘ಮಗಳಿಗೆ ಹೇಳಿ, ಅವಳೇ ನೋಡಿಕೊಳ್ಳುತ್ತಾಳೆ’ ಎಂದು ರೋಗಿಯೇ ಹೇಳಿದರೆ ಅದೂ ಅವರದೇ ನಿರ್ಧಾರ. ತಿಳಿಯದೆ ಇರುವ ಹಕ್ಕೂ ಹಕ್ಕೇ. ಕುಟುಂಬದ ಮಾತನ್ನು ಮಾತ್ರ ಕೇಳಿ ಬಾಯಿ ಮುಚ್ಚಿಕೊಳ್ಳುವುದು ಬೇರೆ, ಅದು ತಪ್ಪು.

ಮನೆಯವರನ್ನು ಎದುರಾಳಿಗಳಂತೆ ಕಾಣಬೇಡಿ. ‘ಹೇಳಿದರೆ ಏನಾದೀತೆಂದು ನಿಮಗೆ ಭಯ?’ ಎಂದು ಕೇಳಿದರೆ, ಹಿಂದೊಮ್ಮೆ ಯಾರೋ ಸುದ್ದಿ ಕೇಳಿ ಊಟ ಬಿಟ್ಟದ್ದು, ಒರಟಾಗಿ ಹೇಳಿದ ವೈದ್ಯರು, ಇಂಥವು ಹೊರಬರುತ್ತವೆ. ‘ನಾನಾಗಿ ಹೇರುವುದಿಲ್ಲ, ಅವರು ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ’ ಎಂಬ ಗಡಿಯನ್ನು ಅಂದೇ ತಿಳಿಸಿ. ಕಿಮೊಥೆರಪಿಗೆ ರೋಗಿಯ ಸಹಿ ಬೇಕಾದಾಗ ಈ ಗುಟ್ಟು ಹೇಗೂ ಉಳಿಯುವುದಿಲ್ಲ. ಇದನ್ನು ವಿವರಿಸಿದರೆ ಅನೇಕ ಕುಟುಂಬಗಳು ತಾವೇ ದಾರಿಗೆ ಬರುತ್ತವೆ.

ರಕ್ತ ಬೇಡ ಎನ್ನುವವರು, ಪ್ರಾಣಿಮೂಲದ ಔಷಧಿ ಬೇಡ ಎನ್ನುವವರು ಬಂದರೆ? (ಔಷಧಾಲಯದವರು)

ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ಸಾಮಾನ್ಯವಾಗಿ ಇಡೀ ರಕ್ತ, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಇವನ್ನು ನಿರಾಕರಿಸುತ್ತಾರೆ. ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್, ತಮ್ಮದೇ ರಕ್ತವನ್ನು ಶಸ್ತ್ರಚಿಕಿತ್ಸೆಯ ವೇಳೆ ಮರಳಿ ಕೊಡುವ ಯಂತ್ರ, ಇವು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಆದ್ದರಿಂದ ಒಂದೊಂದನ್ನೇ ಹೆಸರಿಸಿ, ಬೇರೆ ಯಾರೂ ಇಲ್ಲದಾಗ ಕೇಳಿ, ಸಹಿ ಪಡೆಯಿರಿ. ಶಸ್ತ್ರಚಿಕಿತ್ಸೆಗೆ ವಾರಗಳ ಮುಂಚೆಯೇ ಕಬ್ಬಿಣಾಂಶ ತುಂಬಿಸಿ, ಪರೀಕ್ಷೆಗೆ ಮಕ್ಕಳ ಸಣ್ಣ ಟ್ಯೂಬಿನಲ್ಲಿ ರಕ್ತ ತೆಗೆಯಿರಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಮತ್ತು ಎನಾಕ್ಸಪರಿನ್ ಹಂದಿಯ ಕರುಳಿನ ಒಳಪದರದಿಂದ ಬರುತ್ತವೆ. ಅದೇ ಕೆಲಸದ ಫೊಂಡಪರಿನಕ್ಸ್ ಕೃತಕ, ಆದರೆ ಅದನ್ನು ಎಲ್ಲೆಡೆ ಬದಲಿಗೆ ಬಳಸಲಾಗದು: ಮೂತ್ರಪಿಂಡ ದುರ್ಬಲವಿದ್ದರೆ ದೇಹದಲ್ಲಿ ಉಳಿಯುತ್ತದೆ, ಹೆಪಾರಿನ್‌ಗೆ ಪ್ರೋಟಮಿನ್ ಇರುವಂತೆ ಇದಕ್ಕೆ ಪ್ರತಿಮದ್ದಿಲ್ಲ. ಕ್ಯಾಪ್ಸೂಲಿನ ಜೆಲಟಿನ್ ಬಗ್ಗೆ ಆಕ್ಷೇಪವಿದ್ದರೆ ಮಾತ್ರೆ ಅಥವಾ ದ್ರವರೂಪ ಹುಡುಕಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಕೊಡುವ ಉಪಾಯ ನಿಧಾನವಾಗಿ ಬಿಡುಗಡೆಯಾಗುವ ಔಷಧಿಗಳಲ್ಲಿ ಅಪಾಯಕಾರಿ. ಮುಚ್ಚಿಟ್ಟು ಕೊಡುವುದಂತೂ ಕೂಡದು.

ಮಗುವಿನ ಬೆನ್ನಿನ ಮೇಲೆ ಉದ್ದನೆಯ ಕೆಂಪು ಗೀರುಗಳಿದ್ದವು. ಹಿಂಸೆ ಎಂದು ದೂರು ಕೊಡಬೇಕಿತ್ತೇ? (ಶಾಲಾ ಆರೋಗ್ಯ ಕಾರ್ಯಕರ್ತೆ)

ಪೂರ್ವ ಮತ್ತು ಆಗ್ನೇಯ ಏಷ್ಯಾದ ಕೆಲವು ಕುಟುಂಬಗಳಲ್ಲಿ ಜ್ವರ, ನೆಗಡಿಗೆ ಎಣ್ಣೆ ಸವರಿ ನಾಣ್ಯದಿಂದ ಉಜ್ಜುತ್ತಾರೆ. ಗೀರುಗಳು ಬೆನ್ನೆಲುಬಿನ ಎರಡೂ ಬದಿಗೆ ಸಮನಾಗಿ, ಪಕ್ಕೆಲುಬಿನ ಸಾಲಿನಲ್ಲಿ ಇರುತ್ತವೆ. ಬಟ್ಟಲು ಅಂಟಿಸುವ ಚಿಕಿತ್ಸೆಯ ಗುರುತು ಗುಂಡಗೆ. ಆದರೂ ಇಡೀ ಮೈ ಪರೀಕ್ಷಿಸಿ. ಬೇರೆ ಬೇರೆ ವಯಸ್ಸಿನ ಗಾಯ, ಕಿವಿಯ ಮೇಲಿನ ಬಾವು, ಕಥೆಗೆ ಹೊಂದದ ಮುರಿತ ಇದ್ದರೆ ‘ಅವರ ಪದ್ಧತಿ’ ಎಂದು ಬಿಡುವ ಹಾಗಿಲ್ಲ, ದೂರು ಕೊಡಲೇಬೇಕು. ‘ಮನೆಯಲ್ಲಿ ಏನೇನು ಮಾಡಿ ನೋಡಿದಿರಿ?’ ಎಂದು ಸಹಜವಾಗಿ ಕೇಳಿದರೆ ಗೀರಿನ ಕಾರಣದ ಜೊತೆಗೆ ಕಣ್ಣಿಗೆ ಹಚ್ಚಿದ ಸುರ್ಮಾದ ವಿಷಯವೂ ಬರಬಹುದು. ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ. ಅಂಥ ಮಗುವಿಗೆ ರಕ್ತದ ಸೀಸದ ಮಟ್ಟ ನೋಡಿಸಿ.

ಪುರುಷ ವೈದ್ಯರಿಂದ ಪರೀಕ್ಷೆ ಬೇಡವೆಂದು ಹೇಳಲು ನನಗೆ ಹಿಂಜರಿಕೆ. (ಒಬ್ಬ ಓದುಗಿ)

ಭೇಟಿಯ ಸಮಯ ಗೊತ್ತುಮಾಡುವಾಗಲೇ, ಫೋನಿನಲ್ಲೇ ಹೇಳಿ. ಪರೀಕ್ಷಾ ಕೋಣೆಗೆ ಹೋದ ಮೇಲೆ ಬದಲಾವಣೆ ಕಷ್ಟ. ಮಹಿಳಾ ವೈದ್ಯೆ ಇಲ್ಲವೆಂದರೆ ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳಿ, ಪರೀಕ್ಷಿಸುವ ಭಾಗವನ್ನು ಮಾತ್ರ ತೆರೆದು ಉಳಿದದ್ದಕ್ಕೆ ಹೊದಿಕೆ ಕೇಳಿ. ಯಾವ ಹಂತದಲ್ಲೂ ‘ನಿಲ್ಲಿಸಿ’ ಎನ್ನಬಹುದು. ತುರ್ತು ಸ್ಥಿತಿಯಲ್ಲಿ, ಉದಾಹರಣೆಗೆ ಹೆರಿಗೆಯ ರಕ್ತಸ್ರಾವದಲ್ಲಿ, ಆಯ್ಕೆ ಸಿಗದೇ ಹೋಗಬಹುದು. ಹಾಗಾದರೆ ಏನು ಮಾಡಬೇಕೆಂಬುದನ್ನು ಏಳನೇ ತಿಂಗಳ ತಪಾಸಣೆಯಲ್ಲೇ ವೈದ್ಯರೊಂದಿಗೆ ಮಾತಾಡಿ ಕಡತದಲ್ಲಿ ಬರೆಸಿಡಿ.