ಸಿಗರೇಟು ಬಿಟ್ಟು 20 ದಿನ ಆಯ್ತು. ಮೊದಲಿನ ಹುಮ್ಮಸ್ಸು ಇಲ್ಲ, ಊಟ ಆದಮೇಲೆ ತಡೆಯೋಕೆ ಆಗ್ತಿಲ್ಲ. ಏನು ಮಾಡಲಿ?

20 ದಿನ ತಡೆದಿದ್ದೀರಲ್ಲ, ತುಂಬಾ ಸಂತೋಷ. ನಿಕೋಟಿನ್ ಸಿಗದೆ ಮೈ ಪರದಾಡುವುದು ಮೊದಲ 2-3 ದಿನ ಜೋರು. ಆಮೇಲೆ 2ರಿಂದ 4 ವಾರದೊಳಗೆ ಇಳಿಯುತ್ತಾ ಬರುತ್ತದೆ. ಆದರೆ ಹುಮ್ಮಸ್ಸೂ ಅದೇ ಹೊತ್ತಿಗೆ ಇಳಿಯುತ್ತದೆ. ಮೊದಲ ವಾರ ಮನೆಯವರೆಲ್ಲ ಶಹಬ್ಬಾಸ್ ಅಂತಾರೆ, ಮೂರನೇ ವಾರ ಯಾರೂ ಕೇಳಲ್ಲ. ಆಗಲೇ ಮನಸ್ಸು ‘ಬಿಟ್ಟಾಯ್ತಲ್ಲ, ಒಂದು ಸೇದಿದರೆ ಏನಾಗುತ್ತೆ’ ಅನ್ನುವುದು.

ನಾನು 14 ವರ್ಷ ಸೇದಿದವನು, ದಿನಕ್ಕೆ ಹತ್ತು ಹನ್ನೆರಡು. ಶಿವಮೊಗ್ಗದಲ್ಲಿ ಪ್ರಿಂಟಿಂಗ್ ಪ್ರೆಸ್ ಕೆಲಸ. ಮೊದಲ ಸಲ ಬಿಟ್ಟಾಗ 40 ದಿನ ದಾಟಿತ್ತು. ಚಿಕ್ಕಪ್ಪನ ಮಗನ ಮದುವೆಯ ಹಿಂದಿನ ರಾತ್ರಿ, ಛತ್ರದ ಹಿತ್ತಲಲ್ಲಿ ಗೆಳೆಯನ ಕೈಯಿಂದ ಇಸಕೊಂಡು ಒಂದೇ ದಮ್ ಎಳೆದೆ. ತಲೆ ಸುತ್ತಿತು, ರುಚಿಯೂ ಇರಲಿಲ್ಲ. ಆದರೂ ಬೆಳಿಗ್ಗೆ ಅಂಗಡಿಗೆ ಹೋಗಿ ಒಂದು ಕೊಂಡೆ. ವಾರ ಕಳೆಯುವುದರೊಳಗೆ ಮತ್ತೆ ದಿನಕ್ಕೆ ಹತ್ತು.

2019ರಲ್ಲಿ ಎರಡನೇ ಸಲ ಬಿಟ್ಟಾಗ ಹುಮ್ಮಸ್ಸನ್ನು ನೆಚ್ಚಿಕೊಳ್ಳಲಿಲ್ಲ. ಆಸೆ ಎದ್ದಾಗಲೆಲ್ಲ ಪ್ರೆಸ್ಸಿನ ಗೋಡೆ ಗಡಿಯಾರ ನೋಡುತ್ತಿದ್ದೆ. ಐದು ನಿಮಿಷ, ತುಂಬಾ ಕಾಡಿದರೆ ಹತ್ತು. ಅಷ್ಟರಲ್ಲಿ ಅದು ತಾನಾಗೇ ತಣ್ಣಗಾಗುತ್ತಿತ್ತು. ಜೀವನಪೂರ್ತಿ ಸೇದಬಾರದು ಅಂದುಕೊಂಡರೆ ಎದೆ ಒಡೆಯುತ್ತದೆ. ಐದು ನಿಮಿಷ ಸೇದಬಾರದು ಅಂದರೆ ಯಾರಿಗಾದರೂ ಆಗುತ್ತದೆ ಅಲ್ವಾ?

ನಿಮ್ಮ ಹಾಗೆ ನನಗೂ ಊಟದ ಹೊತ್ತೇ ಕಷ್ಟ. ಬುತ್ತಿ ಮುಚ್ಚಿದ ಕೂಡಲೇ ಕೈ ತಾನಾಗಿ ಅಂಗಿ ಜೇಬಿಗೆ ಹೋಗುತ್ತಿತ್ತು. ಅದೇ ಜೇಬಿನಲ್ಲಿ ಒಣ ನೆಲ್ಲಿಕಾಯಿ, ನಾಲ್ಕು ಲವಂಗ ಇಟ್ಟುಕೊಂಡೆ. ಊಟ ಮುಗಿದ ತಕ್ಷಣ ಎದ್ದು ಬುತ್ತಿ ನಾನೇ ತೊಳೆಯುತ್ತಿದ್ದೆ. ಕೈ ಒದ್ದೆ ಇರುವಷ್ಟು ಹೊತ್ತು ಸಿಗರೇಟು ಹಿಡಿಯೋಕೆ ಆಗಲ್ಲ, ಅಷ್ಟರಲ್ಲಿ ಅರ್ಧ ಆಸೆ ಕಳೆದಿರುತ್ತದೆ. ನಮ್ಮ ಮೂಲೆಯ ಗೂಡಂಗಡಿಯಲ್ಲಿ ಬೀಡಿ ಹಚ್ಚಿಕೊಳ್ಳಲು ನೇತುಹಾಕಿದ ಹಗ್ಗದ ತುದಿ ಸದಾ ಕೆಂಪಗೆ ಹೊಗೆಯಾಡುತ್ತಿತ್ತು. ಅದನ್ನು ನೋಡಿದರೆ ಸಾಕು, ಬಾಯಲ್ಲಿ ನೀರು. ಆರು ತಿಂಗಳು ಆ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಕಾಫಿ, ಟೀ ಎಷ್ಟು ಕುಡಿಯುತ್ತೀರಿ ನೋಡಿಕೊಳ್ಳಿ. ಸಿಗರೇಟಿನ ಹೊಗೆಯಿಂದ ಲಿವರ್ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಬಿಟ್ಟಮೇಲೆ ಅದೇ ಲೋಟದ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ನಿದ್ದೆ ಇಲ್ಲ, ಸುಮ್ನೆ ಸಿಟ್ಟು. ನಾನು ಇದೆಲ್ಲ ಸಿಗರೇಟು ಇಲ್ಲದ್ದಕ್ಕೆ ಅಂದುಕೊಂಡಿದ್ದೆ. ನಾಲ್ಕು ಲೋಟ ಎರಡಕ್ಕೆ ಇಳಿಸಿದ ಮೇಲೆ ಎಷ್ಟೋ ವಾಸಿ.

ಇದರ ಬದಲು ಅದು ಅಂತ ಗುಟ್ಕಾಗೆ ಮಾತ್ರ ಹೋಗಬೇಡಿ. ಬರೀ ಅಡಿಕೆಯೂ ಬೇಡ. ಅಡಿಕೆ ಬೆಳೆಯುವ ಸೀಮೆಯವನಾಗಿ ಹೇಳೋಕೆ ಬೇಜಾರಾಗುತ್ತದೆ, ಆದರೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ತೀರಾ ಆಗದಿದ್ದರೆ ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಬಬಲ್ ಗಮ್ ಹಾಗೆ ಜಗಿಯಬೇಡಿ. ಬಾಯಿ ಚುರುಚುರು ಅನ್ನುವವರೆಗೆ ನಿಧಾನವಾಗಿ ಜಗಿದು ಕೆನ್ನೆ ಪಕ್ಕ ಇಟ್ಟುಕೊಳ್ಳಬೇಕು. ಅದಕ್ಕೆ ಮುಂಚೆ 15 ನಿಮಿಷ ಕಾಫಿ, ಟೀ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹಿಡಿಯಲ್ಲ. ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ಒಂದು ನಂಬರ್ ಇರುತ್ತದೆ, ನೋಡಿದ್ದೀರಾ? ತಂಬಾಕು ಬಿಡುವವರಿಗೆ ನೆರವಾಗುವ ಸಹಾಯವಾಣಿ ಅದು. ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಎರಡು ಸಲ ಮಾಡಿದ್ದೆ, ಬೈಯದೆ ಕೇಳಿಸಿಕೊಂಡರು.

ನಾಳೆ ಮಧ್ಯಾಹ್ನ ಊಟ ಆದಮೇಲೆ ಒಮ್ಮೆ ಗಡಿಯಾರ ನೋಡಿ. ಎಷ್ಟು ನಿಮಿಷ ಕಾಡಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.