ಅಂಗೈ ಬೆವರಿಗೆ ಧೈರ್ಯ ಮದ್ದಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಊರು, ಓದು, ಮನೆಯ ಕೆಲವು ವಿವರ ಬದಲಿಸಿದೆ.)

ಬೇಲೂರು ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, ವಯಸ್ಸು 21. ಹಾಸನದ ಹಾಸ್ಟೆಲ್‌ನಲ್ಲಿದ್ದು ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಜೊತೆಗೆ ಬಂದಿದ್ದ ತಾಯಿಯೇ ಮೊದಲು ಮಾತು ತೆಗೆದರು: "ಇವಳಿಗೆ ವಿಪರೀತ ಭಯ ಮೇಡಂ. ಪರೀಕ್ಷೆ ಅಂದ್ರೆ ಕೈಯಲ್ಲಿ ನೀರು ಇಳೀತದೆ. ಒಸಿ ಧೈರ್ಯ ಹೇಳಿ ಕಳ್ಸಿ."

ಹುಡುಗಿ ನಾಲ್ಕು ಮಡಿಕೆಯ ಕರ್ಚೀಫನ್ನು ಎರಡು ಅಂಗೈ ನಡುವೆ ಒತ್ತಿಕೊಂಡು ಕೂತಿದ್ದಳು. ಕಾಲೇಜಿನ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಂದಿದ್ದಳು. ಬರೆಯುವಾಗ ಕೈ ಊರುವ ಬಲಮೂಲೆಯಲ್ಲಿ ಹಾಳೆ ಹಪ್ಪಳದಂತೆ ಉಬ್ಬಿ, ಎರಡು ಸಾಲಿನ ಇಂಕು ಹರಡಿತ್ತು. ಮುತ್ತೈದೆಯರು ಅಂಗೈಗೆ ಹಾಕಿದ ಕುಂಕುಮ ಮನೆ ಬಾಗಿಲು ದಾಟುವಷ್ಟರಲ್ಲಿ ಕೆಸರಾಗುತ್ತದೆ ಎಂದು ಅವಳು ಪೂಜೆ, ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಧೈರ್ಯ ಹೇಳುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಯಾವಾಗಿನಿಂದ? ಎಂಟನೇ ತರಗತಿಯಿಂದ. ಒಂದೇ ಕೈಯೋ ಎರಡೂ ಕೈಯೋ? ಎರಡೂ, ಅಂಗಾಲು ಕೂಡ. ಡಿಸೆಂಬರ್ ಚಳಿಯಲ್ಲಿ? ಆಗಲೂ. ನಿದ್ದೆಯಲ್ಲಿ? "ಮಲಗಿದ್ದಾಗ ಒಣಗಿರ್ತದೆ, ನಾನೇ ಮುಟ್ಟಿ ನೋಡಿದೀನಿ" ಎಂದರು ತಾಯಿ. ಮನೆಯಲ್ಲಿ ಬೇರೆ ಯಾರಿಗಾದರೂ? ತಾಯಿ ತುಸು ಯೋಚಿಸಿ, "ಇವರಪ್ಪನ ಕೈಯೂ ಹಿಂಗೇಯ. ಗುದ್ದಲಿ ಕಾವು ಜಾರ್ತದೆ ಅಂತ ಮಣ್ಣು ಹಚ್ಕೊಂಡು ಹಿಡೀತಾರೆ" ಎಂದರು. ಆ ಅಪ್ಪನನ್ನು ಪುಕ್ಕಲ ಎಂದು ಯಾರೂ ಕರೆದಿರಲಿಲ್ಲ.

25 ವರ್ಷದೊಳಗೆ ಶುರುವಾಗಿ, ಎರಡೂ ಕಡೆ ಸಮನಾಗಿ ಬಂದು, ಆರು ತಿಂಗಳಿಗಿಂತ ಹೆಚ್ಚು ಕಾಲ ಇದ್ದು, ನಿದ್ದೆಯಲ್ಲಿ ನಿಲ್ಲುವ, ರಕ್ತಸಂಬಂಧಿಗಳಲ್ಲೂ ಕಾಣುವ ಅತಿಬೆವರಿಗೆ ಪ್ರೈಮರಿ ಹೈಪರ್‌ಹೈಡ್ರೋಸಿಸ್ ಎನ್ನುತ್ತಾರೆ. ಬೆವರಿನ ಗ್ರಂಥಿಗಳಲ್ಲಿ ದೋಷವಿಲ್ಲ. ಅವಕ್ಕೆ ಆಜ್ಞೆ ಕೊಡುವ ಸಿಂಪಥೆಟಿಕ್ ನರಗಳು ಅಗತ್ಯ ಮೀರಿ ಆಜ್ಞೆ ಕೊಡುತ್ತವೆ. ಅಂಗೈ ಅಂಗಾಲಿನ ಬೆವರು ಬಿಸಿಲಿಗಿಂತ ಮನಸ್ಸಿನ ಏರಿಳಿತಕ್ಕೆ ಬೇಗ ಸ್ಪಂದಿಸುವುದರಿಂದ ಜನ ಇದನ್ನು ಅಂಜಿಕೆ ಎಂದುಕೊಳ್ಳುತ್ತಾರೆ. ಇವಳ ವಿಷಯದಲ್ಲಿ ಬೆವರು ಮೊದಲು ಬಂತು, ಭಯ ಹಿಂದಿನಿಂದ ಬಂತು. ಕೈ ಒದ್ದೆಯಾಗುತ್ತದೆ, ಯಾರಾದರೂ ನೋಡಿಯಾರು ಎಂದು ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೆ ಕೈ ಇನ್ನಷ್ಟು ಬೆವರುತ್ತದೆ. ಈ ಸುತ್ತನ್ನು ಬರೀ ಬುದ್ಧಿಮಾತಿನಿಂದ ಬಿಡಿಸಲಾಗದು. "ಭಯ ಬಿಡು" ಎಂದು ಎಂಟು ವರ್ಷ ಕೇಳಿಸಿಕೊಂಡ ಹುಡುಗಿಗೆ "ಇದು ನಿನ್ನ ತಪ್ಪಲ್ಲ, ಮೊದಲು ಚರ್ಮಕ್ಕೆ ಮದ್ದು ಮಾಡೋಣ" ಎಂದಾಗ ಕಣ್ಣು ತುಂಬಿತು.

ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳಿಸಿದೆವು. ಥೈರಾಯ್ಡ್, ಸಕ್ಕರೆ ಪರೀಕ್ಷೆ ಸರಿಯಾಗಿದ್ದವು. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸಂಜೆ ಜ್ವರ, ತೂಕ ಇಳಿಯುವುದು, ಮೈಯ ಒಂದೇ ಪಕ್ಕ ಬೆವರುವುದು, ಹೊಸ ಮಾತ್ರೆ ಶುರುವಾದ ಮೇಲೆ ಬಂದ ಬೆವರು ಇವಿದ್ದರೆ ಕತೆ ಬೇರೆ. ಕ್ಷಯ, ಥೈರಾಯ್ಡ್, ಔಷಧದ ಅಡ್ಡಪರಿಣಾಮ ಎಲ್ಲವನ್ನೂ ನೋಡಬೇಕಾಗುತ್ತದೆ.

ವೈದ್ಯರು ಕೊಟ್ಟಿದ್ದು ಶೇ. 20ರ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ. ನಾಲ್ಕೇ ದಿನಕ್ಕೆ "ಉರಿ ತಡೆಯಕ್ಕಾಗ್ತಿಲ್ಲ" ಎಂದು ವಾಪಸ್ ಬಂದಳು. ವಿಚಾರಿಸಿದರೆ, ಕೈ ತೊಳೆದು ಹಸಿಯಿರುವಾಗಲೇ ಹಚ್ಚಿದ್ದಳು. ಈ ಲವಣ ನೀರಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಉರಿ ಅದರದ್ದು. ಮದ್ದನ್ನೇ ಬಿಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹಚ್ಚುವ ಕ್ರಮ ಹೀಗೆ: ಮಲಗುವ ಮುನ್ನ ಕೈ ಒರೆಸಿ, ಫ್ಯಾನಿನ ಕೆಳಗೆ ಹಿಡಿದು ಪೂರ್ತಿ ಒಣಗಿಸಿ. ತೆಳ್ಳಗೆ ಒಂದು ಪದರ ಹಚ್ಚಿ, ಆರಿದ ಮೇಲೆ ಮಲಗಿ. ನಿದ್ದೆಯಲ್ಲಿ ಬೆವರು ನಿಲ್ಲುವುದರಿಂದ ಲವಣ ಬೆವರುನಾಳದ ಬಾಯಲ್ಲಿ ಬಿರಡೆಯಂತೆ ಕೂರುತ್ತದೆ. ಹಗಲು ಹಚ್ಚಿದರೆ ಬೆವರೇ ಅದನ್ನು ತೊಳೆದು ಹಾಕುತ್ತದೆ. ಬೆಳಿಗ್ಗೆ ತೊಳೆಯಿರಿ. ಅಂಗೈ ಚರ್ಮ ದಪ್ಪ, ಹಾಗಾಗಿ ಎರಡು ಮೂರು ವಾರ ಕಾಯಬೇಕು. ಹತೋಟಿಗೆ ಬಂದ ಮೇಲೆ ವಾರಕ್ಕೆ ಒಂದೆರಡು ಸಲ ಸಾಕು.

ಅದು ಸಾಲದಿದ್ದರೆ ಅಯಾಂಟೋಫೊರೆಸಿಸ್ ಇದೆ. ಎರಡು ತಟ್ಟೆ ನೀರಿನಲ್ಲಿ ಅಂಗೈ ಅದ್ದಿ 15ರಿಂದ 20 ಮಿಲಿಆಂಪಿಯರ್ ಕರೆಂಟನ್ನು 20ರಿಂದ 30 ನಿಮಿಷ ಹಾಯಿಸುತ್ತಾರೆ. ಮೊದಲು ವಾರಕ್ಕೆ ಮೂರು ಸಲ, ಆಮೇಲೆ ವಾರಕ್ಕೊಂದು. ಉಂಗುರ, ಬಳೆ ತೆಗೆದಿಡಬೇಕು, ಗೀರುಗಳಿಗೆ ವ್ಯಾಸಲಿನ್ ಸವರಬೇಕು. ಗರ್ಭಿಣಿಯರಿಗೆ, ಪೇಸ್‌ಮೇಕರ್ ಇರುವವರಿಗೆ ಕೂಡದು. ನಮ್ಮ ಕಡೆಯವರು ಇನ್ನೊಂದು ತಿಳಿದಿರಬೇಕು: ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ, ಮಲೆನಾಡಿನ ಝರಿನೀರು, ಮಳೆನೀರು ಮೆದು, ಲವಣ ಕಡಿಮೆ. ಅಂಥ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಬೇಕಾಗುತ್ತದೆ.

ಪರೀಕ್ಷೆಯ ದಿನಕ್ಕೆಂದು, ಮೈಯ ಬೆವರನ್ನೇ ತಗ್ಗಿಸುವ ಗ್ಲೈಕೊಪೈರೊಲೇಟ್ ಮಾತ್ರೆಯನ್ನೂ ವೈದ್ಯರು ಬರೆದಿದ್ದರು. ಬಾಯಿ ಒಣಗುವುದು, ಹತ್ತಿರದ ಅಕ್ಷರ ಮಂಜಾಗುವುದು ಅದರ ಅಡ್ಡಪರಿಣಾಮ. ಆದ್ದರಿಂದ ಮೊದಲ ಮಾತ್ರೆ ಪರೀಕ್ಷೆಯ ಬೆಳಿಗ್ಗೆ ಬೇಡವೇ ಬೇಡ, ರಜೆಯ ದಿನ ನುಂಗಿ ಪುಸ್ತಕ ಓದಿ ನೋಡು ಎಂದೆವು. ಬಿರುಬಿಸಿಲಿನಲ್ಲಿ ಹೊಲದ ಕೆಲಸವಿದ್ದ ದಿನವೂ ಬೇಡ. ಬೆವರದ ಮೈ ತಂಪಾಗುವುದಿಲ್ಲ.

ನೆಂಟರೊಬ್ಬರು "ಬೆಂಗಳೂರಲ್ಲಿ ನರ ಕತ್ತರಿಸಿದ್ರೆ ಒಂದೇ ದಿನಕ್ಕೆ ಮುಗೀತು" ಎಂದಿದ್ದರಂತೆ. ಅಂಗೈ ಒಣಗುವುದು ನಿಜ. ಆದರೆ ಬಹಳ ಮಂದಿಗೆ ಆ ಬೆವರು ಬೆನ್ನು, ಹೊಟ್ಟೆ, ತೊಡೆಗೆ ತಿರುಗುತ್ತದೆ, ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಮಿಕ್ಕೆಲ್ಲ ದಾರಿ ಮುಚ್ಚಿದ ಮೇಲೆ ಯೋಚಿಸುವ ಮಾತು ಅದು.

ನಮ್ಮ ಪಾಲಿನ ಕೆಲಸ ಭಯದ ಪದರದ್ದು. ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ಬಿಡುವುದನ್ನು ದಿನಕ್ಕೆರಡು ಸಲ ಐದು ನಿಮಿಷ ಮಾಡಿಸಿದೆವು. ಇದರಿಂದ ಬೆವರು ವಾಸಿಯಾಗದು, ಎದೆಬಡಿತ ತಗ್ಗುತ್ತದೆ ಎಂದು ಮೊದಲೇ ಹೇಳಿದ್ದೆವು. ಬಚ್ಚಿಡುವುದನ್ನು ಒಂದೊಂದಾಗಿ ಬಿಡಿಸಿದೆವು: ಮೊದಲ ವಾರ ರೂಮಿನ ಗೆಳತಿಗೆ "ನನ್ನ ಕೈ ಬೆವರ್ತದೆ, ಅಂಟುರೋಗ ಅಲ್ಲ" ಎಂದು ಹೇಳುವುದು, ಎರಡನೇ ವಾರ ಕರ್ಚೀಫ್ ಬ್ಯಾಗಿನಲ್ಲಿಟ್ಟು ತರಗತಿಯಲ್ಲಿ ಕೂರುವುದು, ಆಮೇಲೆ ನೆರೆಮನೆಯ ಅರಿಶಿನ-ಕುಂಕುಮಕ್ಕೆ ಹೋಗುವುದು. ಪರೀಕ್ಷೆಗೆ ಇಂಕ್ ಪೆನ್ನಿನ ಬದಲು ಬಾಲ್ ಪೆನ್. ಕೈಯಡಿಗೆ ಇಟ್ಟುಕೊಳ್ಳುವ ಬ್ಲಾಟಿಂಗ್ ಪೇಪರಿಗೆ ವೈದ್ಯರ ಪತ್ರ ತೋರಿಸಿ ಮೊದಲೇ ಅನುಮತಿ.

ಬೆವರಿನ ಉಪದ್ರವ ಅಳೆಯಲು 1ರಿಂದ 4ರ ಅಳತೆ ಇದೆ. 4 ಎಂದರೆ ಸಹಿಸಲಾಗದ್ದು, ದಿನದ ಕೆಲಸಕ್ಕೆ ಸದಾ ಅಡ್ಡಿ. ಬಂದ ದಿನ ಅವಳು ಹೇಳಿದ್ದು 4, ಏಳನೇ ವಾರ 2. ಆ ದಿನ ತಾಯಿ, "ಇವರಪ್ಪನೂ ಈ ಔಷಧಿ ಹಚ್ಕೋಬೋದಾ?" ಎಂದು ಕೇಳಿದರು. ಹಚ್ಚಿಕೊಳ್ಳಬಹುದು, ಆದರೆ ವೈದ್ಯರಿಗೆ ತೋರಿಸಿಯೇ. ಶುಂಠಿ ಹೊಲದ ಕೆಲಸದಲ್ಲಿ ಅಂಗೈ ಒಡೆದಿದ್ದರೆ ಆ ಬಿರುಕು ಮಾಯುವ ತನಕ ತಡೆಯಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆವು.