ಹುವಾ ಹಿನ್‌ನಲ್ಲಿ ಯಾವ ಗಾಲ್ಫ್ ಕೋರ್ಸ್? ದೊಡ್ಡ ಹೆಸರಿನದು ಒಂದೇ ಸಾಕು

ಪ್ರಶ್ನೆ: ನಾವು ನಾಲ್ಕು ಜನ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಚಿಕ್ಕಮಗಳೂರಿನಲ್ಲಿ ಗಾಲ್ಫ್ ಕಲಿತೆವು. ನಮ್ಮ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟದ ಅಂಕಿ, ಹೆಚ್ಚಿದಷ್ಟೂ ಆಟ ಸಾಧಾರಣ) 18ರಿಂದ 28ರವರೆಗೆ ಇದೆ. ಕೊಯ್ಲು ಮುಗಿದ ಮೇಲೆ ಥಾಯ್ಲೆಂಡ್‌ನ ಹುವಾ ಹಿನ್‌ಗೆ ಆರು ದಿನ ಹೋಗಬೇಕು ಅಂತಿದ್ದೇವೆ. ಟ್ರಾವೆಲ್ಸ್‌ನವರು ಐದು ದಿನಕ್ಕೆ ಐದು ಕೋರ್ಸ್ ಪ್ಯಾಕೇಜ್ ಕೊಟ್ಟಿದ್ದಾರೆ. ನಮ್ಮ ಭಾವನಿಗೆ ಟೂರ್ನಿ ನಡೆದ ಕೋರ್ಸೇ ಬೇಕು. ನನಗೆ ಸಮುದ್ರ ನೋಡುತ್ತಾ ಆಡುವ ಆಸೆ. ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಉತ್ತರ: ಮೊದಲು ನಿಮ್ಮ ಆಸೆಯ ವಿಷಯ. ಹುವಾ ಹಿನ್ ಸಮುದ್ರ ದಂಡೆಯ ಊರು ಹೌದು. ಆದರೆ ಅಲ್ಲಿನ ಕೋರ್ಸ್‌ಗಳಲ್ಲಿ ಹೆಚ್ಚಿನವು ಸಮುದ್ರಕ್ಕೆ ಬೆನ್ನು ಹಾಕಿ ಕೂತಿವೆ. ಊರಿನಿಂದ ಪಶ್ಚಿಮಕ್ಕೆ, ಮ್ಯಾನ್ಮಾರ್ ಗಡಿಯ ಗುಡ್ಡಗಳ ಕಡೆಗೆ ಹೋದರೆ ಅನಾನಸ್ ಹೊಲ, ಅದರ ಮಧ್ಯೆ ಗಾಲ್ಫ್. ಜಾಹೀರಾತಿನಲ್ಲಿ ಅಲೆಗಳ ಫೋಟೋ ಹಾಕಿರುತ್ತಾರೆ, ಅದು ಹೋಟೆಲಿನದು. ನೀರಿನ ಪಕ್ಕದಲ್ಲೇ ಆಡಬೇಕೆಂದರೆ ಸೀ ಪೈನ್ ಎಂಬ ಕೋರ್ಸ್ ಹಾಕಿಸಿಕೊಳ್ಳಿ. ಊರಿಂದ ದಕ್ಷಿಣಕ್ಕಿದೆ, ಅಲ್ಲಿನ ಸೈನ್ಯದವರು ನಡೆಸುವ ಕೋರ್ಸ್. ಕೆಲವು ಹೋಲ್‌ಗಳು, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಹಾದಿಗಳು, ದಂಡೆಗುಂಟ ಸಾಗುತ್ತವೆ. ಕಡಲ ಗಾಳಿಗೆ ಚೆಂಡು ಅಡ್ಡ ಹೋದೀತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಕೇಳಿದ್ದೇ ಅದನ್ನ ಅಲ್ವಾ?

ಇನ್ನು ಐದು ದಿನಕ್ಕೆ ಐದು ಕೋರ್ಸ್. ಇದು ಬೇಡ. ಒಂದು ರೌಂಡ್, ಅಂದರೆ 18 ಹೋಲ್‌ನ ಪೂರ್ತಿ ಆಟ, ಅಂದರೆ ನಾಲ್ಕೂವರೆ ತಾಸು ಬಿಸಿಲು. ಹೋಗಿ ಬರುವುದು, ಸ್ನಾನ, ಊಟ ಸೇರಿದರೆ ಮುಕ್ಕಾಲು ದಿನ ಕಳೆಯಿತು. ಮೂರನೇ ದಿನಕ್ಕೆ ಸೊಂಟ ಮಾತಾಡುತ್ತದೆ, ನಾಲ್ಕನೇ ದಿನ ಯಾರೋ ಒಬ್ಬರು 'ನೀವು ಹೋಗಿ ಬನ್ನಿ' ಅಂತ ಮಲಗುತ್ತಾರೆ. ಮೊದಲೇ ಕಟ್ಟಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆರು ದಿನಕ್ಕೆ ನಾಲ್ಕು ರೌಂಡ್ ಸಾಕು, ನಡುವೆ ಒಂದು ದಿನ ಪೂರ್ತಿ ರಜೆ.

ಮೊದಲ ರೌಂಡ್ ರಾಯಲ್ ಹುವಾ ಹಿನ್‌ನಲ್ಲಿ ಆಡಿ. ಥಾಯ್ಲೆಂಡ್‌ನ ಅತಿ ಹಳೆಯ ಕೋರ್ಸ್‌ಗಳಲ್ಲಿ ಒಂದು ಇದು, 1924ರದ್ದು. ರೈಲ್ವೆಯಲ್ಲಿದ್ದ ಸ್ಕಾಟ್ಲೆಂಡ್‌ನ ಎಂಜಿನಿಯರ್ ಒಬ್ಬರು ಹಾಕಿದ ನಕ್ಷೆ. ಈಗಲೂ ರೈಲ್ವೆ ಸ್ಟೇಷನ್ನಿನ ಬೆನ್ನಿಗೇ ಇದೆ, ಹಳಿ ದಾಟಿದರೆ ಕೋರ್ಸ್. ಹೊಸ ಕೋರ್ಸ್‌ಗಳ ಹಾಗೆ ಇಲ್ಲಿ ಎಲ್ಲವೂ ಬಾಚಿ ಇಟ್ಟಂತೆ ಇರುವುದಿಲ್ಲ. ದೊಡ್ಡ ಮರಗಳಿವೆ, ಗುಡ್ಡದ ಏರಿಳಿತ ಇದೆ. ನಮ್ಮ ಕಡೆಯವರಿಗೆ ಇಂಥ ನೆಲ ಹೊಸದಲ್ಲ. ಎತ್ತರದ ಜಾಗಕ್ಕೆ ಬಂದಾಗ ಊರೂ ಕಾಣುತ್ತದೆ, ಆಚೆ ಕಡಲೂ ಕಾಣುತ್ತದೆ. 1932ರ ಜೂನ್ 24ರಂದು ಬ್ಯಾಂಕಾಕ್‌ನಲ್ಲಿ ಕ್ರಾಂತಿಯಾಗಿ ರಾಜಪ್ರಭುತ್ವದ ಅಧಿಕಾರ ಹೋಯಿತಲ್ಲ, ಆಗ ರಾಜ ಪ್ರಜಾಧಿಪೋಕ್ ಇದ್ದದ್ದು ಹುವಾ ಹಿನ್‌ನಲ್ಲೇ. ಸುದ್ದಿ ಬಂದಾಗ ಗಾಲ್ಫ್ ಆಡುತ್ತಿದ್ದರು ಅಂತಲೇ ಹೇಳುತ್ತಾರೆ. ಪ್ರಯಾಣದ ಆಯಾಸ ಇರುವ ಮೊದಲ ದಿನಕ್ಕೆ ಊರೊಳಗಿನ ಕೋರ್ಸೇ ಸರಿ. ವ್ಯಾನ್‌ನಲ್ಲಿ ಮತ್ತೆ ಅಲೆಯುವುದು ತಪ್ಪುತ್ತದೆ.

ಎರಡನೆಯದು ಸೀ ಪೈನ್. ಮಾರನೇ ದಿನ ರಜೆ. ಮೈ ಕೈ ಹಗುರಾದ ಮೇಲೆ ಭಾವನವರ ಕೋರ್ಸ್, ಅಂದರೆ ಬ್ಲ್ಯಾಕ್ ಮೌಂಟನ್. 2007ರಲ್ಲಿ ಶುರುವಾದದ್ದು. ಯುರೋಪಿನ ವೃತ್ತಿಪರರ ಟೂರ್ನಿ ಸರಣಿಯಾದ ಯುರೋಪಿಯನ್ ಟೂರ್‌ನ ಆಟಗಾರರು 2015 ಮತ್ತು 2016ರಲ್ಲಿ ಟ್ರೂ ಥಾಯ್ಲೆಂಡ್ ಕ್ಲಾಸಿಕ್ ಆಡಿದ್ದು ಇಲ್ಲೇ. ಹಿಂದೆ ಕಪ್ಪು ಗುಡ್ಡ, ಮುಂದೆ ಹೊಳೆಯುವ ಹುಲ್ಲು, ಹೋಲ್ ಹೋಲ್‌ಗೂ ಎದುರಾಗುವ ನೀರು. ಚೆಂದ ಇದೆ, ಅನುಮಾನವೇ ಇಲ್ಲ. ಆದರೆ 28 ಹ್ಯಾಂಡಿಕ್ಯಾಪ್‌ನವರಿಗೆ ಅಲ್ಲಿ ಚೆಂಡಿನ ಲೆಕ್ಕ ಇಡುವುದೇ ಒಂದು ಕೆಲಸ. ಅದಕ್ಕೇ ಇಂಥ ದೊಡ್ಡ ಹೆಸರಿನದು ಒಂದೇ ಸಾಕು ಅನ್ನುವುದು ನನ್ನ ಮಾತು. ಬ್ಲ್ಯಾಕ್ ಮೌಂಟನ್ ಮುಗಿಸಿ ಮಾರನೇ ದಿನವೇ ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಜಾಕ್ ನಿಕ್ಲಾಸ್ ವಿನ್ಯಾಸದ ಸ್ಪ್ರಿಂಗ್‌ಫೀಲ್ಡ್‌ಗೆ ಹೋದರೆ ಮತ್ತೆ ನೀರು, ಮತ್ತೆ ಬಂಕರ್ ಎಂಬ ಮರಳಿನ ಗುಂಡಿ. ನಿಕ್ಲಾಸ್ ಹೆಸರು ಕೇಳಿ ಭಾವನವರು ಹಟ ಹಿಡಿದರೆ ಎರಡರಲ್ಲಿ ಒಂದು ಅಂತ ಹೇಳಿಬಿಡಿ.

ಕೊನೆಯ ರೌಂಡ್‌ಗೆ ಪೈನ್‌ಆಪಲ್ ವ್ಯಾಲಿ. ಹಿಂದೆ ಬನ್ಯನ್ ಅಂತ ಹೆಸರಿತ್ತು, ಹಳೇ ಅನಾನಸ್ ತೋಟದ ಮೇಲೆ ಎದ್ದ ಕೋರ್ಸ್. ಈ ಪ್ರಚುವಾಪ್ ಖಿರಿ ಖಾನ್ ಪ್ರಾಂತ್ಯ ಅನಾನಸ್ಸಿಗೆ ಹೆಸರುವಾಸಿ, ಸೊರಬದ ಕಡೆ ಅನಾನಸ್ ಬೆಳೆಯುವ ನೆಂಟರಿದ್ದರೆ ಅವರಿಗೂ ಒಂದು ಫೋಟೋ ಕಳಿಸಿ. ನೋಡಲು ಕಷ್ಟ ಅನಿಸಿದರೂ ಸಾಧಾರಣ ಆಟಗಾರರನ್ನು ಇದು ಅಷ್ಟಾಗಿ ಗೋಳಾಡಿಸುವುದಿಲ್ಲ. ಅದು ಸಿಗದಿದ್ದರೆ ಪಕ್ಕದ ಊರು ಛಾ-ಆಮ್ ಕಡೆಯ ಪಾಮ್ ಹಿಲ್ಸ್ ಆದೀತು.

ಕೋರ್ಸ್ ಆರಿಸಿದ್ದಕ್ಕಿಂತ ಮುಖ್ಯವಾದದ್ದು ಯಾವ ಟೀಯಿಂದ, ಅಂದರೆ ಮೊದಲ ಹೊಡೆತದ ಯಾವ ಜಾಗದಿಂದ, ಹೊಡೆಯುತ್ತೀರಿ ಅನ್ನುವುದು. ಇದರ ಬಗ್ಗೆ ಯಾವ ಪ್ಯಾಕೇಜಿನವರೂ ಬಾಯಿ ಬಿಡುವುದಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆಗಳು ಕೊಟ್ಟ ಒಂದು ಲೆಕ್ಕ ಇದೆ. ನಿಮ್ಮ ಡ್ರೈವ್, ಅಂದರೆ ಟೀಯಿಂದ ಹೊಡೆದ ಉದ್ದದ ಹೊಡೆತ, ಸರಾಸರಿ 200 ಗಜ ಹೋಗುತ್ತದಾ? ಹಾಗಾದರೆ ಒಟ್ಟು 5,200ರಿಂದ 5,400 ಗಜದ ಕೋರ್ಸ್ ನಿಮಗೆ ಸರಿ. 225 ಗಜ ಹೋದರೆ 5,800ರಿಂದ 6,000. 250 ಹೋದರೆ ಮಾತ್ರ 6,200ರಿಂದ 6,400. ಈ ಸರಾಸರಿಯನ್ನು ಪ್ರಾಮಾಣಿಕವಾಗಿ ತೆಗೆಯಿರಿ. ಗಾಳಿ ಹಿಂದಿನಿಂದ ಬೀಸಿದ ದಿನ, ಇಳಿಜಾರಿನಲ್ಲಿ ಉರುಳಿ ಹೋದದ್ದು ಲೆಕ್ಕಕ್ಕಿಲ್ಲ. ಬ್ಲ್ಯಾಕ್ ಮೌಂಟನ್ ಹಿಂದಿನ ಟೀಯಿಂದ 7,000 ಗಜ ದಾಟುತ್ತದೆ. ಭಾವ ಅಲ್ಲಿ ನಿಲ್ಲುತ್ತೇನೆ ಅಂದರೆ ನಿಲ್ಲಲಿ, ನೀವು ಮೂವರು ಮುಂದಿನ ಟೀಗೆ ಹೋಗಿ. ನಾಲ್ಕೂ ಜನ ಒಂದೇ ಕಡೆಯಿಂದ ಹೊಡೆಯಬೇಕೆಂಬ ಕಾನೂನೇನೂ ಇಲ್ಲ. ಮೂರು ಹೋಲ್ ಆದ ಮೇಲೆ ಅವರೂ ಮುಂದೆ ಬರುತ್ತಾರೆ, ನೀವು ಸುಮ್ನೆ ಇರಿ ಸಾಕು.

ಟ್ರಾವೆಲ್ಸ್‌ನವರ ಹತ್ತಿರ ಬರವಣಿಗೆಯಲ್ಲಿ ಎರಡು ವಿಷಯ ಕೇಳಿ. ಒಂದು, ಟೀ ಟೈಮ್, ಅಂದರೆ ಆಟ ಶುರು ಮಾಡುವ ಸಮಯ, ಎಷ್ಟು ಗಂಟೆಗೆ? ಅಗ್ಗದ ಪ್ಯಾಕೇಜುಗಳು ಅಗ್ಗ ಆಗುವುದು ಹೀಗೇ, ಬೆಳಿಗ್ಗೆ ಏಳರ ಬದಲು ಹನ್ನೊಂದಕ್ಕೆ ಸಮಯ ಕೊಟ್ಟಿರುತ್ತಾರೆ. ಎಂಟು ಗಂಟೆಯ ಒಳಗಿನದೇ ಬೇಕು ಅನ್ನಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದಿದೆ. ಅಲ್ಲಿಯ ಏಳು ಅಂದರೆ ನಿಮ್ಮ ಮೈಗೆ ಐದೂವರೆ. ತೋಟಕ್ಕೆ ಬೆಳಗಾಗುವ ಮೊದಲೇ ಏಳುವವರಿಗೆ ಇದೇನೂ ಕಷ್ಟವಲ್ಲ. ಇನ್ನೊಂದು, ಗ್ರೀನ್ ಫೀ (ಕೋರ್ಸಿನಲ್ಲಿ ಆಡುವ ಶುಲ್ಕ) ಜೊತೆ ಕ್ಯಾಡಿ (ಬ್ಯಾಗ್ ಹೊತ್ತು ಆಟಕ್ಕೆ ನೆರವಾಗುವವರು) ಮತ್ತು ಗಾಲ್ಫ್ ಕಾರ್ಟ್ ಸೇರಿದೆಯಾ? ಎಷ್ಟೋ ಸಲ ಸೇರಿರುವುದಿಲ್ಲ, ಕೌಂಟರಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಶನಿವಾರ ಭಾನುವಾರ ರೇಟು ಏರುತ್ತದೆ, ಆದ್ದರಿಂದ ಬ್ಲ್ಯಾಕ್ ಮೌಂಟನ್ ವಾರದ ನಡುವೆ ಬರುವ ಹಾಗೆ ನೋಡಿಕೊಳ್ಳಿ. ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗ್ ಒಂದು ಕಾರಿನಲ್ಲಿ ಹಿಡಿಸುವುದಿಲ್ಲ, ವ್ಯಾನ್ ಹೇಳಿ. ಬ್ಯಾಂಕಾಕ್‌ನಿಂದ ಹುವಾ ಹಿನ್ ಸುಮಾರು 200 ಕಿಲೋಮೀಟರ್, ರಸ್ತೆ ಚೆನ್ನಾಗಿದೆ.

ಹೊರಡುವ ತಾರೀಕು ಫೆಬ್ರವರಿಯ ಒಳಗೆ ಇರಲಿ. ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿಸಿ ಮಾರ್ಚ್ ಕೊನೆಗೆ ಹೊರಟರೆ ಅಲ್ಲಿ ಸೆಖೆ ಶುರುವಾಗಿರುತ್ತದೆ. ಏಪ್ರಿಲ್ ನಡುವೆಯಂತೂ ಬೇಡ. 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ, ಇಡೀ ದೇಶ ರಸ್ತೆಯಲ್ಲಿ ನೀರೆರಚುತ್ತಿರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಯುರೋಪಿನವರ ಸೀಸನ್ ಕೂಡ ಹೌದು. ಬೆಳಗಿನ ಟೀ ಟೈಮ್ ಬೇಗ ಖಾಲಿಯಾಗುತ್ತದೆ, ತಡ ಮಾಡಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಗೆಳೆಯರ ಜೊತೆ ಹುವಾ ಹಿನ್‌ಗೆ ಗಾಲ್ಫ್ ಆಡಲು ಹೊರಟಿದ್ದಾರೆ. ನಾನೂ ನಮ್ಮತ್ತೆಯೂ ಜೊತೆಗೆ ಹೋಗುವುದು ಅಂತ ಆಗಿದೆ. ನಾವು ಆಡುವುದಿಲ್ಲ, ಮಾಂಸ ಮೀನು ತಿನ್ನುವುದಿಲ್ಲ. ಬೇಜಾರಾಗುತ್ತದಾ? – ಸಾಗರದ ಓದುಗರು

ಉತ್ತರ: ಕೋರ್ಸಿಗೆ ಮಾತ್ರ ಅವರ ಹಿಂದೆ ಹೋಗಬೇಡಿ. ನಾಲ್ಕೂವರೆ ತಾಸು ಕ್ಲಬ್‌ಹೌಸ್‌ನಲ್ಲಿ ಜ್ಯೂಸ್ ಕುಡಿಯುತ್ತಾ ಕೂರುವುದು ಅತ್ತೆಯವರಿಗೆ ಶಿಕ್ಷೆ. ಊರೊಳಗೆ, ದಂಡೆಯ ಹತ್ತಿರವೇ ಹೋಟೆಲ್ ಮಾಡಿಸಿ, ಆಡುವವರು ವ್ಯಾನ್ ಹತ್ತಿ ಹೋಗಿ ಬರಲಿ. ಗಾಲ್ಫ್ ರೆಸಾರ್ಟಿನಲ್ಲೇ ರೂಮು ಹಿಡಿದರೆ ಅವರಿಗೆ ಸುಲಭ, ನಿಮಗೆ ಜೈಲು. ಹಳೆಯ ರೈಲ್ವೆ ಸ್ಟೇಷನ್ ನೋಡುವಂತಿದೆ. ರಾಜರಿಗಾಗಿ ಕಟ್ಟಿದ ಮರದ ವಿಶ್ರಾಂತಿ ಮಂಟಪ ಕೆಂಪು, ಕೆನೆ ಬಣ್ಣದಲ್ಲಿ ಈಗಲೂ ನಿಂತಿದೆ. ಛಾ-ಆಮ್‌ನಲ್ಲಿ ಮೃಗದಾಯವನ್ ಅರಮನೆ ಇದೆ. ಆರನೇ ರಾಮ ಎಂಬ ರಾಜನ ಕಾಲದ್ದು, ಪೂರ್ತಿ ತೇಗ, ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ್ದು, ಗಾಳಿ ಆಡುವ ಉದ್ದುದ್ದ ಮೊಗಸಾಲೆ. ದೊಡ್ಡ ತೊಟ್ಟಿಮನೆಗಳಲ್ಲಿ ಓಡಾಡಿದವರು ಕಂಬ ಮುಟ್ಟಿ ನೋಡದೆ ಬರುವುದಿಲ್ಲ. ದುರಸ್ತಿಗೆ ಆಗಾಗ ಮುಚ್ಚುತ್ತಾರೆ, ತೆರೆದಿದೆಯಾ ಎಂದು ವಿಚಾರಿಸಿ ಹೊರಡಿ.

ಊಟದ ವಿಷಯದಲ್ಲಿ ಜೋಪಾನ. ಬರೀ ತರಕಾರಿ ಅಂತ ಹೇಳಿದರೂ ಮೀನಿನ ಸಾಸ್ ಬಿದ್ದಿರುತ್ತದೆ, ಅದು ಅಲ್ಲಿ ಉಪ್ಪಿನ ಜಾಗದಲ್ಲಿದೆ. 'ಜೇ' ಅಂತ ಹೇಳಿ. ಹಳದಿ ಬಟ್ಟೆ ಅಥವಾ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದ ಅಂಗಡಿಯಲ್ಲಿ ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಆದರೂ ಎರಡು ಡಬ್ಬಿ ಚಟ್ನಿಪುಡಿ ಇಟ್ಟುಕೊಂಡು ಹೋಗಿ.

ಪ್ರಶ್ನೆ: ಥಾಯ್ಲೆಂಡ್‌ನಲ್ಲಿ ಕ್ಯಾಡಿ ಕಡ್ಡಾಯವಂತೆ. ನಮ್ಮ ಬ್ಯಾಗ್ ನಾವೇ ಹೊರುತ್ತೇವೆ ಅಂದರೆ ಬಿಡುವುದಿಲ್ಲವಾ? ಟಿಪ್ಸ್ ಎಷ್ಟು? – ಕೊಪ್ಪದ ಓದುಗರು

ಉತ್ತರ: ಬಿಡುವುದಿಲ್ಲ, ಬಿಟ್ಟರೂ ಒಪ್ಪಬೇಡಿ. ಒಬ್ಬ ಆಟಗಾರನಿಗೆ ಒಬ್ಬ ಕ್ಯಾಡಿ ಎಂಬುದು ಅಲ್ಲಿನ ಪದ್ಧತಿ. ಹೆಚ್ಚಿನವರು ಹೆಂಗಸರು. ಬಿಸಿಲಿಗೆ ಅಗಲ ಟೋಪಿ, ಉದ್ದ ತೋಳು, ಕಣ್ಣು ಮಾತ್ರ ಕಾಣುವಂತೆ ಮುಖ ಮುಚ್ಚಿಕೊಂಡಿರುತ್ತಾರೆ. ಅವರು ಬರೀ ಬ್ಯಾಗ್ ಹೊರುವವರಲ್ಲ. ನಿಮ್ಮ ಸ್ಕೋರಿನಲ್ಲಿ ನಾಲ್ಕೈದು ಹೊಡೆತ ಉಳಿಸುವುದು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಅವರು ತೋರಿಸುವ ಬೆರಳು.

ಅಲ್ಲಿನ ಗ್ರೀನ್‌ಗಳಲ್ಲಿ ಹೆಚ್ಚಾಗಿ ಬರ್ಮುಡಾ ಜಾತಿಯ ಹುಲ್ಲು ಇರುತ್ತದೆ. ಇದು ನೆಟ್ಟಗೆ ನಿಲ್ಲುವುದಿಲ್ಲ, ಒಂದು ಕಡೆಗೆ ಒರಗಿ ಬೆಳೆಯುತ್ತದೆ. ಒರಗಿದ ದಿಕ್ಕಿಗೆ ಪಟ್ ಮಾಡಿದರೆ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿದರೆ, ಅದು ಜಾರುತ್ತದೆ, ಎದುರಿಗೆ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ನೀವೂ ಗುರುತಿಸಬಹುದು. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಬಿಳಿಚಿಕೊಂಡು ಹೊಳೆಯುತ್ತಿದ್ದರೆ ಅದು ನಿಮ್ಮಿಂದ ಆಚೆಗೆ ಒರಗಿದೆ. ಕಡು ಹಸಿರು ಕಂಡರೆ ನಿಮ್ಮ ಕಡೆಗೆ. ಕುಳಿಯ ಅಂಚನ್ನೂ ನೋಡಿ. ಸುತ್ತಲೂ ಚೊಕ್ಕವಾಗಿ ಕತ್ತರಿಸಿದಂತಿದ್ದು ಒಂದು ಬದಿ ಮಾತ್ರ ಒಣಗಿ ಕಿತ್ತುಬಂದಂತಿದ್ದರೆ ಹುಲ್ಲು ಆ ಬದಿಗೆ ಹೋಗುತ್ತಿದೆ ಎಂದರ್ಥ. ಕ್ಯಾಡಿ ಇದನ್ನೆಲ್ಲ ನೋಡುವುದೂ ಇಲ್ಲ, ಅವರಿಗೆ ಬಾಯಿಪಾಠ. ಇಳಿಜಾರು ಎಡಕ್ಕೆ ಕಂಡರೂ ಅವರು ನೇರ ಹೊಡಿ ಅಂದರೆ ನೇರ ಹೊಡೆಯಿರಿ.

ಟಿಪ್ಸ್ ಹೆಸರಿಗೆ ಮಾತ್ರ ಐಚ್ಛಿಕ. ರೌಂಡ್ ಮುಗಿದಾಗ 300ರಿಂದ 400 ಬಾತ್ ಕೈಗೇ ಕೊಡುವುದು ರೂಢಿ. ಕೌಂಟರಿನಲ್ಲಿ ಕಟ್ಟುವ ಕ್ಯಾಡಿ ಫೀ ಬೇರೆ. ಚಿಲ್ಲರೆ ನೋಟು ಮೊದಲೇ ಮಾಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಅವರ ಬಟ್ಟೆಯ ಮೇಲೆ ನಂಬರ್ ಇರುತ್ತದೆ. ಅದೇ ಕೋರ್ಸಿಗೆ ಮತ್ತೆ ಹೋಗುವುದಾದರೆ ಆ ನಂಬರ್ ಹೇಳಿ ಅವರನ್ನೇ ಕೇಳಬಹುದು. ಚೆಂಡು ನೀರಿಗೆ ಹೋದಾಗ ಕನ್ನಡದಲ್ಲಿ ಬೈದರೂ ಅವರಿಗೆ ಅರ್ಥ ಆಗುತ್ತದೆ, ಹುಷಾರು.

ಪ್ರಶ್ನೆ: ಜುಲೈನಲ್ಲಿ ಟಿಕೆಟ್ ಅಗ್ಗ ಇದೆ. ಆದರೆ ಅದು ಮಳೆಗಾಲ ಅಲ್ವಾ ಸರ್? – ಶಿವಮೊಗ್ಗದ ಓದುಗರು

ಉತ್ತರ: ನಮ್ಮ ಮಳೆಗಾಲ ಮನಸ್ಸಿನಲ್ಲಿಟ್ಟುಕೊಂಡು ಹೆದರಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಹುವಾ ಹಿನ್‌ನಲ್ಲಿ ಸುಮಾರು 1,000. ಪಶ್ಚಿಮದ ಗುಡ್ಡಗಳು ಮೋಡವನ್ನು ಆಚೆಯೇ ತಡೆಯುತ್ತವೆ, ನಮ್ಮಲ್ಲಿ ಘಟ್ಟದ ಪೂರ್ವಕ್ಕೆ ಇಳಿದಂತೆ ಮಳೆ ತೆಳುವಾಗುವುದೂ ಇದೇ ಕಾರಣಕ್ಕೆ. ಜುಲೈನಲ್ಲಿ ಮಧ್ಯಾಹ್ನದ ಮೇಲೆ ಒಂದು ಜಡಿ ಬಂದು ಹೋದೀತು. ಬೆಳಿಗ್ಗೆ ಬೇಗ ಆಡಿ ಮುಗಿಸಿದರೆ ಕೊಡೆ ಬಿಚ್ಚುವ ಪ್ರಸಂಗವೇ ಬರಲಿಕ್ಕಿಲ್ಲ. ಸೆಖೆ ಇರುತ್ತದೆ, ಜನ ಕಡಿಮೆ, ಗ್ರೀನ್ ಫೀಯೂ ಇಳಿದಿರುತ್ತದೆ. ನಿಜವಾದ ಮಳೆ ಅಲ್ಲಿ ಅಕ್ಟೋಬರ್‌ನದು, ಆ ತಿಂಗಳು ಬಿಟ್ಟುಬಿಡಿ. ಗುಡುಗು ಕೇಳಿಸಿ ಸೈರನ್ ಊದಿದರೆ ಮಾತ್ರ ಆಟ ನಿಲ್ಲಿಸಿ ಶೆಡ್ಡಿಗೆ ಹೋಗಿ, ಮರದ ಕೆಳಗೆ ನಿಲ್ಲಬೇಡಿ. ಮತ್ತೆ ಒಂದು ಜೊತೆ ಗ್ಲವ್ಸ್ ಜಾಸ್ತಿ ಇಟ್ಟುಕೊಳ್ಳಿ. ಬೆವರಿಗೆ ಒಂಬತ್ತು ಹೋಲ್ ಆಗುವಷ್ಟರಲ್ಲಿ ಮೊದಲನೆಯದು ಒದ್ದೆಯಾಗಿ ಜಾರತೊಡಗುತ್ತದೆ.